ಟ್ರೈರೀಮ್‌ನ ಕೆಳಸಾಲಿನಲ್ಲಿ ಕೂತವನು ಯುದ್ಧದ ಕತೆ ಹೇಳಬಹುದೇ?

ಕಡಲಂಚು:
ಕ್ರಿ.ಪೂ. 429ರ ಕತೆಯೊಂದು ಬರೆಯುತ್ತಿದ್ದೇನೆ. ಗ್ರೀಸಿನ ಪಾತ್ರಾಸ್ ಕೊಲ್ಲಿಯಲ್ಲಿ ಅಥೆನ್ಸಿನ ನೌಕಾ ದಂಡನಾಯಕ ಫಾರ್ಮಿಯೋ ಬರೀ 20 ಹಡಗು ಇಟ್ಟುಕೊಂಡು ಪೆಲೊಪೊನೀಸಿನವರ (ಸ್ಪಾರ್ಟಾದ ಕಡೆಯವರ) 47 ಹಡಗುಗಳನ್ನು ಎದುರಿಸಿದ ಕದನ. ಕತೆ ಹೇಳುವವನು ಟ್ರೈರೀಮ್‌ನಲ್ಲಿ, ಅಂದರೆ ಮೂರು ಸಾಲು ಹುಟ್ಟುಗಳ ಗ್ರೀಕ್ ಯುದ್ಧಹಡಗಿನಲ್ಲಿ, ತೀರಾ ಕೆಳಗಿನ ಸಾಲಿನಲ್ಲಿ ಹುಟ್ಟು ಹಾಕುವ ಹುಡುಗ. ಕರಡು ಓದಿದ ಗೆಳೆಯ "ಸರಪಳಿ, ಚಾಟಿ ಎಲ್ಲಪ್ಪಾ?" ಅಂದ. ಹಾಕಬೇಕಾ? ಇನ್ನೊಂದು, ಅಲ್ಲಿ ಕೂತವನಿಗೆ ಹೊರಗಿನದು ಏನೂ ಕಾಣುವುದಿಲ್ಲ ಅಲ್ವಾ? ಮೇಲಿನ ಸಾಲಿಗೆ ಹತ್ತಿಸಿಬಿಡಲಾ?

ಹಾಯಿಪಟ:
ಸರಪಳಿ ಬೇಡವೇ ಬೇಡ, ಅದು ಸಿನಿಮಾದ ಹಾವಳಿ. ಅಥೆನ್ಸಿನಲ್ಲಿ ಹುಟ್ಟು ಹಾಕುತ್ತಿದ್ದವರು ಜಾಸ್ತಿ ಬಡ ನಾಗರಿಕರು, ಜೊತೆಗೆ ಕೂಲಿಗೆ ಬಂದ ಪರಊರಿನವರು. ನಾಗರಿಕನಾದವನು ಊರಿಗೆ ಮರಳಿದರೆ ಸಭೆಯಲ್ಲಿ ಕೂತು ಯುದ್ಧ ಬೇಕೋ ಬೇಡವೋ ಅಂತ ಕೈ ಎತ್ತುತ್ತಿದ್ದ. ಗುಲಾಮರು ಇರಲೇ ಇಲ್ಲ ಅಂತಲ್ಲ. ಕ್ರಿ.ಪೂ. 406ರಲ್ಲಿ ಅರ್ಗಿನೂಸೇ ಎಂಬಲ್ಲಿನ ಕಡಲ ಕದನಕ್ಕೆ ಜನ ಸಾಲದೆ ಗುಲಾಮರನ್ನೂ ಹತ್ತಿಸಿದರು, ಆಮೇಲೆ ಅವರಿಗೆ ಬಿಡುಗಡೆಯನ್ನೂ ಕೊಟ್ಟರು. ಚಾಟಿ ಬದಲು ದಿಂಬು ಬರೆಯಿರಿ! ನಿಮ್ಮ ಕದನದ ಕೆಲ ತಿಂಗಳ ನಂತರ ಪೆಲೊಪೊನೀಸಿನವರು ಅಥೆನ್ಸಿನ ಬಂದರು ಪಿರೇಯಸ್ ಮೇಲೆ ಬೀಳಲು ಹೊರಟಾಗ, ಒಬ್ಬೊಬ್ಬನೂ ತನ್ನ ಹುಟ್ಟು, ಕೂರುವ ದಿಂಬು, ಹುಟ್ಟು ಬಿಗಿಯುವ ಪಟ್ಟಿ ಹೊತ್ತುಕೊಂಡು ಕೊರಿಂತ್‌ನಿಂದ ಮೆಗಾರಾ ಕಡೆಗೆ ನಡೆದೇ ಹೋದ ಅಂತ ಆ ಕಾಲದ ಇತಿಹಾಸಕಾರ ಥುಸಿಡಿಡೀಸ್ ಬರೆದಿದ್ದಾನೆ.

ಉಪ್ಪುನೀರು:
ದಯವಿಟ್ಟು ಅವನನ್ನು ಮೇಲೆ ಹತ್ತಿಸಬೇಡಿ, ನಿಮ್ಮ ಕತೆ ಇರುವುದೇ ಅಲ್ಲಿ. ಒಟ್ಟು 170 ಹುಟ್ಟು, ಅದರಲ್ಲಿ ಕೆಳಸಾಲಿನವು 54. ಹುಟ್ಟಿನ ಕಿಂಡಿ ನೀರಿಗೆ ಎಷ್ಟು ಹತ್ತಿರ ಎಂದರೆ ನೀರು ನುಗ್ಗದಂತೆ ತೊಗಲಿನ ಚೀಲ ಕಟ್ಟುತ್ತಿದ್ದರು. ಮೇಲಿನವನ ಬೆವರು ತಲೆ ಮೇಲೆ, ಹೂಸು ಮೂಗಿಗೆ. ಅಥೆನ್ಸಿನ ಹಾಸ್ಯ ನಾಟಕಕಾರ ಅರಿಸ್ಟೋಫನೀಸ್ ಇದನ್ನೇ ನಾಟಕದಲ್ಲಿ ತಮಾಷೆ ಮಾಡಿದ್ದಾನೆ.

ಮತ್ತೆ ಈ ಕದನ ಕಣ್ಣಿಗಿಂತ ಕಿವಿಯದ್ದು. ಶತ್ರುಗಳು ಹಡಗಿನ ಮೂತಿ (ಎದುರಿನ ಹಡಗಿಗೆ ಗುದ್ದುವ ಮುಂದಿನ ತುದಿ) ಹೊರಗೆ ಮಾಡಿ ದುಂಡಗೆ ನಿಂತರು. ಫಾರ್ಮಿಯೋ ಸಾಲುಗಟ್ಟಿ ಅವರ ಸುತ್ತ ತಿರುಗಿದ, ಇನ್ನೇನು ಸವರಿಯೇ ಬಿಟ್ಟ ಅನ್ನುವಷ್ಟು ಹತ್ತಿರ, ಆದರೆ ಗುದ್ದಲಿಲ್ಲ. ಬೆಳಗಿನ ಹೊತ್ತು ಕೊಲ್ಲಿಯಿಂದ ಗಾಳಿ ಬೀಸುತ್ತದೆ ಅಂತ ಅವನಿಗೆ ಗೊತ್ತು. ಗಾಳಿ ಬಂತು, ಅವರ ಹಡಗುಗಳು ಒಂದಕ್ಕೊಂದು ತಾಗಿದವು, ಗಳ ಹಿಡಿದು ತಳ್ಳಾಟ, ಬೈದಾಟ. ಆ ಗದ್ದಲದಲ್ಲಿ ಅಪ್ಪಣೆ ಯಾರಿಗೂ ಕೇಳಿಸಲಿಲ್ಲ, ಅಲೆಗೆ ಹುಟ್ಟು ಎತ್ತಲೂ ಆಗಲಿಲ್ಲ. ಆಗ ಅಥೆನ್ಸಿನವರು ನುಗ್ಗಿ 12 ಹಡಗು ಹಿಡಿದರು. ಫಾರ್ಮಿಯೋ ತನ್ನವರಿಂದ ಕೇಳುತ್ತಿದ್ದುದು ಶಿಸ್ತು ಮತ್ತು ಮೌನ. ನಿಮ್ಮ ಹುಡುಗನಿಗೆ ಒಳಗೆ ಲಯ ಕೊಡುವ ಜೋಡಿ ಪೀಪಿಯ ದನಿ, ಹಲಗೆಯಾಚೆ ಸಾವಿರಾರು ಜನರ ಕಿರುಚಾಟ. ಸಾಲದಾ?

ಗಾಳಿಗೋಪುರ:
ಒಪ್ಪಿದೆ, ಆದರೆ ಪೂರ್ತಿ ಕತೆ ಹಲಗೆ ಸಂದಿಯಲ್ಲೇ ನಡೆದರೆ ಓದುವವನಿಗೆ ಉಸಿರುಗಟ್ಟುತ್ತದೆ. 200 ಜನಕ್ಕೆ ಹಡಗಿನಲ್ಲಿ ಅಡುಗೆಗೂ ಜಾಗವಿಲ್ಲ, ಮಲಗಲೂ ಜಾಗವಿಲ್ಲ. ದಡಕ್ಕೆ ಬರಲೇಬೇಕು. ಅಲ್ಲಿ ಮಾತಾಡಿಸಿ. ಇನ್ನೊಂದು ಮರೆಯಬೇಡಿ, ಹುಟ್ಟು ಹಾಕುವವರು ಹಿಂದಕ್ಕೆ ಮುಖ ಮಾಡಿ ಕೂರುತ್ತಾರೆ. ಯಾವ ಸಾಲಿನಲ್ಲಿದ್ದರೂ ಶತ್ರುವಿನ ಕಡೆಗೆ ಬೆನ್ನೇ. ಗುದ್ದಿದ ತಕ್ಷಣ ಹಿಮ್ಮುಖ ಹುಟ್ಟು ಹಾಕಿ ಮೂತಿ ಬಿಡಿಸಿಕೊಳ್ಳಬೇಕು, ಇಲ್ಲಾಂದ್ರೆ ಅಲ್ಲೇ ಸಿಕ್ಕಿಬೀಳುತ್ತಾರೆ.

ಕಡಲಂಚು:
ಬೆನ್ನಿನ ವಿಷಯ ತಲೆಗೆ ಹೊಳೆದೇ ಇರಲಿಲ್ಲ, ಥ್ಯಾಂಕ್ಸ್. ಹುಡುಗ ಕೆಳಗೇ ಇರಲಿ. ಪೀಪಿಯವನೂ ಈಗ ಒಂದು ಪಾತ್ರ. ನಾಲಿಗೆ ಹೊರಳುವಂಥ ಗ್ರೀಕ್ ಹೆಸರಿದ್ದರೆ ಹೇಳಿ.

ಹಾಯಿಪಟ:
ಸಿಮೋನ್ ಅಂತ ಇಡಿ.