ಸಕ್ಕರೆ ಕಾರ್ಖಾನೆ ಊರಿನ ಟೀಮು ಮೆಕ್ಸಿಕೋ ಚಾಂಪಿಯನ್ ಆಗಿದ್ದು ಹೇಗೆ?

ಮುಧೋಳದ ಕಬ್ಬಿಗ:
ಎಲ್ಲರಿಗೂ ನಮಸ್ಕಾರ. ಕಬ್ಬು ನುರಿಸುವ ಹಂಗಾಮು ಶುರುವಾಗಿದೆ. ಮೊನ್ನೆ ರಾತ್ರಿ ಕಾರ್ಖಾನೆ ಗೇಟಿನ ಮುಂದೆ ಟ್ರ್ಯಾಕ್ಟರ್ ಸಾಲಿನಲ್ಲಿ ನಿಂತಿದ್ದೆ. ತೂಕದ ಕಾಟಾಕ್ಕೆ ನಮ್ಮ ಪಾಳಿ ಬರೋದು ಬೆಳಗಿನ ಜಾವ. ಸುಮ್ನೆ ಮೊಬೈಲ್ ನೋಡುತ್ತಾ ಕೂತಾಗ ಮೆಕ್ಸಿಕೋದ ಸಕಾತೆಪೆಕ್ ಅನ್ನೋ ಸಣ್ಣ ಊರಿನ ಫುಟ್‌ಬಾಲ್ ಕ್ಲಬ್ ಹೆಸರು ಸಿಕ್ಕಿತು. ಅವರ ಅಡ್ಡ ಹೆಸರು ಕಾನ್ಯೆರೋಸ್, ಅಂದರೆ ಕಬ್ಬಿನವರು! ಎರಡು ಸಲ ದೇಶದ ಲೀಗ್ ಗೆದ್ದಿದ್ದಾರಂತೆ. ನಮ್ಮಂಥ ಕಬ್ಬಿನ ಊರು ರಾಜಧಾನಿಯ ದೊಡ್ಡ ಟೀಮುಗಳನ್ನು ಹಿಂದೆ ಹಾಕಿದ್ದು ಹೇಗೆ? ಈಗ ಆ ಕ್ಲಬ್ ಎಲ್ಲಿದೆ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಹಳೇ ಸ್ಕೋರ್‌ಬೋರ್ಡ್:
ಒಳ್ಳೇ ಪ್ರಶ್ನೆ ಕೇಳಿದಿರಿ. ಇದನ್ನು ಕಾರ್ಖಾನೆಯಿಂದಲೇ ಶುರು ಮಾಡಬೇಕು. ಸಕಾತೆಪೆಕ್ ಇರೋದು ಮೊರೆಲೋಸ್ ರಾಜ್ಯದಲ್ಲಿ, ರೈತ ನಾಯಕ ಎಮಿಲಿಯಾನೋ ಸಪಾಟಾ ಹುಟ್ಟಿದ ಸೀಮೆ ಅದು. ಅಲ್ಲಿನ ದೊಡ್ಡ ಜಮೀನ್ದಾರರು ಕಬ್ಬು ಹಚ್ಚೋಕೆ ಅಂತ ಹಳ್ಳಿಗಳ ಹೊಲ, ನೀರು ಎರಡನ್ನೂ ನುಂಗುತ್ತಿದ್ದರು, 1911ರಲ್ಲಿ ಸಪಾಟಾ ಭೂಮಿ ವಾಪಸ್ ಕೊಡಿ ಅಂತ ಘೋಷಣೆ ಹೊರಡಿಸಿದ್ದೂ ಇದೇ ಸಿಟ್ಟಿಗೆ. ಆಮೇಲೆ 1938ರಲ್ಲಿ ಅಧ್ಯಕ್ಷ ಲಾಸಾರೋ ಕಾರ್ದೆನಾಸ್ ಇದೇ ಊರಲ್ಲಿ ಸಕ್ಕರೆ ಕಾರ್ಖಾನೆ ತೆರೆದರು, ಅದಕ್ಕೆ ಸಪಾಟಾ ಹೆಸರನ್ನೇ ಇಟ್ಟರು. ರೈತರು, ಕಾರ್ಮಿಕರು ಸೇರಿ ನಡೆಸುವ ಸಹಕಾರಿ ಕಾರ್ಖಾನೆ ಅದು. ಫುಟ್‌ಬಾಲ್ ಟೀಮಿಗೆ ಬೆನ್ನಿಗೆ ನಿಂತಿದ್ದೂ ಅದೇ.

1950-51ರಲ್ಲಿ ಮೆಕ್ಸಿಕೋದಲ್ಲಿ ಎರಡನೇ ಡಿವಿಷನ್, ಅಂದರೆ ಕೆಳಗಿನ ಹಂತದ ಲೀಗ್, ಮೊದಲ ಸಲ ನಡೆಯಿತು. ಗೆದ್ದವರು ಸಕಾತೆಪೆಕ್, ಹಾಗಾಗಿ ಮೇಲಿನ ಡಿವಿಷನ್ನಿಗೆ ಹೋದರು. ನಾಲ್ಕೇ ವರ್ಷ, 1954-55ರಲ್ಲಿ ಲೀಗ್ ಕೈಗೆ ಬಂತು. 1957-58ರಲ್ಲಿ ಮತ್ತೊಮ್ಮೆ. ಎರಡಕ್ಕೂ ಕೋಚ್ ಇಗ್ನಾಸಿಯೋ ತ್ರೆಯೆಸ್. ಇದೇ ತ್ರೆಯೆಸ್ 1962ರ ವಿಶ್ವಕಪ್‌ಗೆ ಮೆಕ್ಸಿಕೋ ತಂಡ ಕಟ್ಟಿಕೊಂಡು ಹೋಗಿ ಚೆಕೊಸ್ಲೊವಾಕಿಯಾವನ್ನು 3-1ರಿಂದ ಸೋಲಿಸಿದರು. ವಿಶ್ವಕಪ್‌ನಲ್ಲಿ ಮೆಕ್ಸಿಕೋ ಕಂಡ ಮೊಟ್ಟಮೊದಲ ಗೆಲುವು ಅದು! ಸಕಾತೆಪೆಕ್ ಪರ ಆಡಿದ್ದ ರೌಲ್ ಕಾರ್ದೆನಾಸ್ ಕೂಡ ಆ ತಂಡದಲ್ಲಿದ್ದರು. ತ್ರೆಯೆಸ್ 103 ವರ್ಷ ಬದುಕಿದ್ದರು, ತೀರಿಕೊಂಡಿದ್ದು 2020ರಲ್ಲಿ.

ಕ್ಯಾಂಪ್ ಹುಡುಗ, ಬೆಳಗಾವಿ:
ನಾನು ಬೆಳಗಾವಿ ಕ್ಯಾಂಪಿನಲ್ಲಿ ಹುಟ್ಟಿ ಬೆಳೆದವನು, ಚಿಕ್ಕವನಿದ್ದಾಗಿನಿಂದ ಲೇಲೆ ಮೈದಾನದಲ್ಲಿ ಆಡಿದ್ದೇನೆ. ಅದಕ್ಕೇ ಒಂದು ಮಾತು ಸೇರಿಸುತ್ತೇನೆ, ಬಿಸಿಲಿನದು. ಸಕಾತೆಪೆಕ್ ತಗ್ಗಿನ ಸೀಮೆ, ಸೆಕೆ ಜಾಸ್ತಿ. ಮೆಕ್ಸಿಕೋ ನಗರ ಇರೋದು 2,200 ಮೀಟರ್‌ಗಿಂತ ಎತ್ತರದಲ್ಲಿ, ಅಲ್ಲಿ ತಂಪು. ಅಲ್ಲಿಂದ ಇಳಿದು ಬಂದವರು ಮಧ್ಯಾಹ್ನದ ಬಿಸಿಲಲ್ಲಿ ಆಡಬೇಕಿತ್ತು. ನಾನು ಏಪ್ರಿಲ್‌ನಲ್ಲಿ ಬಾಗಲಕೋಟೆಗೆ ಮ್ಯಾಚಿಗೆ ಬಂದಾಗ ಇಪ್ಪತ್ತು ನಿಮಿಷಕ್ಕೇ ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟಿತ್ತು, ಬೂಟಿನ ತಳ ಕಾದು ಪಾದ ಸುಡುತ್ತಿತ್ತು, ಎದುರಿನ ಹುಡುಗರು ಮಾತ್ರ ಆಗಷ್ಟೇ ಎದ್ದು ಬಂದವರ ಹಾಗೆ ಓಡುತ್ತಿದ್ದರು. ಸಕಾತೆಪೆಕ್‌ನ ಈಗಿನ ಸ್ಟೇಡಿಯಂ 1964ರದು, ಜನ ಅದನ್ನು ಕಬ್ಬಿನ ಕಾಡು ಅಂತ ಕರೆಯುತ್ತಾರೆ. ಬಿಸಿಲೊಂದೇ ಕಪ್ ತಂದುಕೊಡಲ್ಲ ಬಿಡಿ, ಹೊರಗಿನ ಊರಿನಲ್ಲೂ ಗೆಲ್ಲಬೇಕಲ್ವಾ? ಆದರೆ ನಮ್ಮ ನೆಲದ ಬಿಸಿಲು ನಮ್ಮ ಕಡೆಗಿದೆ ಅನ್ನೋ ಧೈರ್ಯ ಎಷ್ಟು ದೊಡ್ಡದು ಅಂತ ಆಡಿದವರಿಗೆ ಗೊತ್ತು.

ಮುಧೋಳದ ಕಬ್ಬಿಗ:
ಇಬ್ಬರಿಗೂ ಧನ್ಯವಾದ ಅಣ್ಣಾರ. ಸಹಕಾರಿ ಅಂದಿರಲ್ಲ, ಅಲ್ಲಿ ನಿಜವಾಗಿ ರೈತರ ಮಾತು ನಡೆಯುತ್ತಿತ್ತಾ? ಕೇಳೋಕೆ ಕಾರಣ ಇದೆ, ಹಿಂದೊಮ್ಮೆ ನಮ್ಮ ಕಬ್ಬಿನ ಬಿಲ್ಲು ಒಂದು ಕಡೆ ಹನ್ನೊಂದು ತಿಂಗಳು ಬಾಕಿ ಉಳಿದಿತ್ತು, ಅಪ್ಪ ಅಕ್ಕನ ಮದುವೆ ಮುಂದೆ ಹಾಕಬೇಕಾಯ್ತು.

ಹಳೇ ಸ್ಕೋರ್‌ಬೋರ್ಡ್:
ಓದಿ ಸಂಕಟ ಆಯ್ತು ತಮ್ಮಾ. ಅಲ್ಲೂ ಎಲ್ಲಾ ಸಿಹಿ ಇರಲಿಲ್ಲ. ಕಾರ್ಖಾನೆ ಆಡಳಿತ ಮಂಡಳಿಯ ಮೊದಲ ಅಧ್ಯಕ್ಷ ರೂಬೆನ್ ಹಾರಾಮಿಯೋ, ಸಪಾಟಾ ಸೈನ್ಯದಲ್ಲಿ ಹೋರಾಡಿ ಬಂದ ರೈತ. ಮುಂದೆ ಅವರಿಗೂ ಸರ್ಕಾರ ಕಳಿಸಿದ ಮ್ಯಾನೇಜರಿಗೂ ಜಗಳ ಹತ್ತಿತು, 1942ರಲ್ಲಿ ಮುಷ್ಕರ ಆಯ್ತು. 1962ರ ಮೇ 23ರಂದು ಸೈನಿಕರು ಹಾರಾಮಿಯೋ ಅವರನ್ನು, ಬಸುರಿ ಹೆಂಡತಿಯನ್ನು, ಮಕ್ಕಳನ್ನು ಮನೆಯಿಂದ ಎಳೆದೊಯ್ದು ಗುಂಡು ಹೊಡೆದರು. ಕಪ್ ಎತ್ತಿದ ಫೋಟೋ ನೋಡುವಾಗಲೆಲ್ಲ ನನಗೆ ಈ ಮನೆತನ ನೆನಪಾಗುತ್ತದೆ.

ಗೋಲ್‌ಕಿಕ್ ವಿಜಯಪುರ:
ಕ್ಲಬ್ ಈಗೆಲ್ಲಿ ಅಂತ ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಹೇಳ್ತೀನಿ. 1980ರ ದಶಕದ ನಡುವೆ ಅವರು ಮೇಲಿನ ಡಿವಿಷನ್ನಿನಿಂದ ಕೆಳಗಿಳಿದರು, ಮತ್ತೆ ಏರಲಿಲ್ಲ. ಮೆಕ್ಸಿಕೋದಲ್ಲಿ ಲೀಗಿನಲ್ಲಿ ಆಡುವ ಹಕ್ಕನ್ನು ಊರಿಂದ ಊರಿಗೆ ಮಾರಬಹುದು. 2020ರಲ್ಲಿ ಮೊರೆಲಿಯಾ ಅನ್ನೋ ನಗರದ ಟೀಮನ್ನು ಮಾಸಾತ್ಲಾನ್ ನಗರಕ್ಕೆ ಒಯ್ದರು. ಮೊರೆಲಿಯಾ ಖಾಲಿ ಆಯ್ತಲ್ಲ, ಅಲ್ಲಿಗೆ ಲೀಗಿನಲ್ಲಿದ್ದ ಸಕಾತೆಪೆಕ್ ಟೀಮಿನ ಜಾಗ ಹೋಯಿತು, ಅತ್ಲೆತಿಕೊ ಮೊರೆಲಿಯಾ ಅಂತ ಹೆಸರು ಬದಲಾಯಿತು. ಅದೇ ವರ್ಷ ಮೇಲಕ್ಕೇರುವ, ಕೆಳಗಿಳಿಯುವ ಪದ್ಧತಿಯನ್ನೂ ನಿಲ್ಲಿಸಿದರು. 1951ರಲ್ಲಿ ಕಬ್ಬಿನ ಊರು ಮೇಲಕ್ಕೆ ಬಂದ ದಾರಿಯೇ ಮುಚ್ಚಿತು. ನನಗೆ ಇದು ದೊಡ್ಡ ಅನ್ಯಾಯ ಅನಿಸುತ್ತದೆ.

ಮುಧೋಳದ ಕಬ್ಬಿಗ:
ಈಗ ಮತ್ತೆ ಸಾಲಿನಲ್ಲೇ ಇದ್ದೀನಿ, ಮುಂದೆ ಇನ್ನೂ ನಲವತ್ತು ಗಾಡಿ. ಪಕ್ಕದ ಟ್ರ್ಯಾಕ್ಟರಿನ ಹುಡುಗರಿಗೆ ಇದನ್ನೆಲ್ಲ ಓದಿ ಹೇಳಿದೆ. ಒಬ್ಬ ಕೇಳಿದ, ಆ ಸ್ಟೇಡಿಯಂ ಸುತ್ತ ಈಗಲೂ ಕಬ್ಬು ಬೆಳೀತಾರಾ ಅಂತ.