ಬಾಲ್ ಪೈಥಾನ್ ಹಾವಿನ ಟ್ಯಾಂಕಿನ್ಯಾಗ ತೇವ ನಿಲ್ಲವಲ್ದು, ಪೊರೆ ಚೂರುಚೂರಾಗಿ ಬರಾಕತ್ತೈತಿ

ಸಾಧನಕೇರಿ_ಶಲ್ಕ:
ಎಷ್ಟ ಸ್ಪ್ರೇ ಹೊಡದ್ರೂ ತೇವ ನಿಲ್ಲವಲ್ದು. ಹೊಡದ ಕೂಡ್ಲೆ ತೇವದ ಮೀಟರ್‌ನ್ಯಾಗ ಶೇ. 70, ಅರ್ಧ ತಾಸಿಗೆ ಮತ್ತ 38. ಈ ಸಲ ಪೊರೆ ಪೂರಾ ಕಳಚಲಿಲ್ಲ. ಬಾಲದ ತುದಿಗೆ ಉಂಗುರದಂಗ ಉಳದೈತಿ, ಎಡಗಣ್ಣಿನ ಮ್ಯಾಲೂ ಹಂಗ ಐತಿ. ಟ್ಯಾಂಕ್ 90×45×45 ಸೆಂ.ಮೀ. ಗಾಜಿಂದು. ಫಾಗರ್ (ಮಂಜು ಉಗುಳೋ ಯಂತ್ರ) ತಗೊಳ್ಳೋದ ಒಂದ ದಾರಿ ಏನ್ರಿ? ಲಗೂ ಹೇಳ್ರಿ, ಸಾಕಾಗೈತಿ.

ಬೆಟಗೇರಿ_ಬಿಸಿಲು:
ಮೊದಲ ಮೀಟರ್ ಪರೀಕ್ಷಾ ಮಾಡ್ರಿ. ಬಾಟಲಿ ಮುಚ್ಚಳದಾಗ ಅಡಗಿ ಉಪ್ಪು ಹಾಕಿ, ಒದ್ದಿ ಮರಳಿನ ಹದಕ್ಕ ಬರೋಷ್ಟ ಹನಿ ನೀರು ಬಿಡ್ರಿ. ಉಪ್ಪು ಪೂರಾ ಕರಗಬಾರ್ದು. ಮೀಟರ್ ಜೊತಿ ಗಾಳಿ ಆಡದ ಡಬ್ಬಿಯೊಳಗ 24 ತಾಸು ಇಡ್ರಿ. 25 ಡಿಗ್ರಿ ಹತ್ರ 75 ತೋರಿಸಬೇಕು.

ವಿದ್ಯಾನಗರ_ಪಿವಿಸಿ:
ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನ್ಯಾಗ ಹಾವಿನ ನೋಂದಣಿ ಆಗೈತೇನ್ರಿ? ಅದನ್ನ ಮೊದಲ ಹೇಳ್ರಿ.

ವರದಾ_ತೀರ:
ಅವರು ಕೇಳಿದ್ದು ತೇವದ ಬಗ್ಗೆ.

ವಿದ್ಯಾನಗರ_ಪಿವಿಸಿ:
ಕೇಳೋದು ತಪ್ಪಲ್ಲ. ಬಾಲ್ ಪೈಥಾನ್ ಸೈಟಿಸ್ (ಕಾಡುಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಅನುಬಂಧದಾಗ ಐತಿ. ವನ್ಯಜೀವಿ ಕಾಯ್ದೆಗೆ 2022ರ ತಿದ್ದುಪಡಿ, 2024ರ ನಿಯಮ ಬಂದ ಮ್ಯಾಲೆ ನೋಂದಣಿ ಬೇಕ ಬೇಕು. ನಮ್ಮ ಕಡೆ ಹೊಲದಾಗ ಸಿಗೋ ಹೆಬ್ಬಾವಂತೂ ಸಾಕೋಹಂಗ ಇಲ್ಲ.

ಸಾಧನಕೇರಿ_ಶಲ್ಕ:
ನೋಂದಣಿ ಆಗೈತ್ರಿ. ಮೀಟರ್ ಡಿಜಿಟಲ್, ಉಪ್ಪಿನ ಡಬ್ಬಿಯೊಳಗ 77 ತೋರಿಸ್ತು.

ಬೆಟಗೇರಿ_ಬಿಸಿಲು:
ಎರಡು ಜಾಸ್ತಿ ಆತು ನೋಡ್ರಿ. ಬ್ಯಾಟರಿ ಬದಲಿಸಿ ಮತ್ತ ಇಡ್ರಿ. ಇಲ್ಲಂದ್ರ ಇನ್ನೊಂದು ಮೀಟರ್ ತಂದು ಎರಡನ್ನೂ ಹೋಲಿಸಿ ನೋಡ್ರಿ.

ವರದಾ_ತೀರ:
77ಕ್ಕ 75ಕ್ಕ ವ್ಯತ್ಯಾಸ ಲೆಕ್ಕಕ್ಕಿಲ್ಲ, ಮೀಟರ್ ಬಿಡ್ರಿ ಇನ್ನ. ಮುಚ್ಚಳ ಎಂಥಾದ್ದು? ಬಿಸಿಗೆ ಏನೈತಿ? ತಳಕ್ಕ ಏನು ಹಾಸೀರಿ?

ಸಾಧನಕೇರಿ_ಶಲ್ಕ:
ಮುಚ್ಚಳ ಜಾಲಿ, ಟ್ಯಾಂಕ್ ಜೊತಿ ಬಂದದ್ದು. ಮ್ಯಾಲೆ 100 ವ್ಯಾಟ್ ಬಲ್ಬು. ತಳಕ್ಕ ಪೇಪರ್. ಏಪ್ರಿಲ್ ಬ್ಯಾರೆ, ಫ್ಯಾನ್ ಹಗಲು ರಾತ್ರಿ ಓಡತೈತಿ.

ವರದಾ_ತೀರ:
ಹಂಗಾದ್ರ ಕಾರಣ ಪೂರಾ ಸಿಕ್ಕಂಗಾತು. 25 ಡಿಗ್ರಿಯೊಳಗ 60 ಇರೋ ಗಾಳಿನ 32ಕ್ಕ ಕಾಸಿದ್ರ, ಒಂದ ಹನಿ ನೀರು ಕಳೀದಿದ್ರೂ ಮೀಟರ್ 40ರ ಹತ್ರ ಇಳಿತೈತಿ. ಬಿಸಿಗಾಳಿ ಹೆಚ್ಚು ನೀರು ಹಿಡಿತೈತಿ, ಅದಕ್ಕ. ಮ್ಯಾಲೆ ಜಾಲಿ ತೆರದೈತಿ, ಆ ಗಾಳಿ ಏರಿ ಹೊರಗ ಹೋಗತೈತಿ, ಫ್ಯಾನ್ ಎಳಕೊಂಡು ಹೋಗತೈತಿ. ಪೇಪರ್‌ಗೆ ನೀರು ಹಿಡದು ನಿಧಾನಕ್ಕ ಬಿಡೋ ತಾಕತ್ತಿಲ್ಲ. ನೀವು ಸ್ಪ್ರೇ ಹೊಡದದ್ದು ಹಾವಿಗೆ ಮುಟ್ಟೋದರೊಳಗ ಮಾಡಿಗೆ ಹೋಗಿರತೈತಿ.

ಜಾಲಿಯ ಮುಕ್ಕಾಲು ಭಾಗ ಅಡಗಿ ಫಾಯಿಲ್ ಎರಡು ಪದರ ಮಾಡಿ ಮುಚ್ಚರಿ. ಬಲ್ಬಿನ ಸುತ್ತ ನಾಲ್ಕು ಬೆರಳು ಬಿಡ್ರಿ. ಅಲ್ಲಿ ಅಕ್ರಿಲಿಕ್ ಹಾಕಬ್ಯಾಡ್ರಿ, ಬಿಸಿಗೆ ಬಾಗತೈತಿ. ತಳಕ್ಕ 8 ಸೆಂ.ಮೀ. ತೆಂಗಿನ ಸಿಪ್ಪೆ ಚಿಪ್ಸ್, ಕೊಕೊಪೀಟ್ ಸಮಸಮ. ನಿಮ್ಮ ಅಳತಿಗೆ 32 ಲೀಟರ್ ಬೇಕಾಗತೈತಿ. ನರ್ಸರಿ ಕೊಕೊಪೀಟ್‌ನ್ಯಾಗ ಉಪ್ಪಿನಂಶ ಇರತೈತಿ, ನೆನಸಿ ಎರಡು ನೀರು ಚೆಲ್ಲರಿ, ಹಿಂಡಿದ್ರ ಹನಿ ಬೀಳಬಾರ್ದು. ಆಮ್ಯಾಲೆ ಸ್ಪ್ರೇ ಬಿಟ್ಟು, ಮೂಲಿಯೊಳಗ ಒಂದು ಲೀಟರ್ ನೀರು ಸುರೀರಿ. ತಳ ಒದ್ದಿ, ಮ್ಯಾಲಿನ ಎರಡು ಬೆರಳು ಒಣ ಇರಬೇಕು. ಮೇಲ್ಮೈ ಒದ್ದಿ ಉಳದ್ರ ಹೊಟ್ಟಿ ಶಲ್ಕ ಕೊಳಿತಾವು.

ಬಲ್ಬಿಗೆ ಡಿಮ್ಮಿಂಗ್ ಥರ್ಮೋಸ್ಟಾಟ್ (ಬಿಸಿ ನೋಡಿ ಬಲ್ಬು ತಾನ ಮಂದ ಮಾಡೋ ಸಾಧನ) ಹಾಕಿ ಬಿಸಿ ಜಾಗ 32ಕ್ಕ ನಿಲ್ಲಿಸ್ರಿ. ಏಪ್ರಿಲ್ ಮಧ್ಯಾಹ್ನ ಕೋಣಿನ 34 ಇದ್ದಾಗ 100 ವ್ಯಾಟ್ ಯಾಕ ಉರೀಬೇಕು?

ವಿದ್ಯಾನಗರ_ಪಿವಿಸಿ:
ಗಾಜು ತಗದು ಪಿವಿಸಿ ಪೆಟ್ಟಿಗಿಗೆ ಬರ್ರಿ. ನಮ್ಮದು 4×2×2 ಅಡಿ, ಮುಂದ ಜಾರೋ ಬಾಗಿಲು, ಮ್ಯಾಲೆ ಜಾಲಿನ ಇಲ್ಲ, ಪಕ್ಕಕ್ಕ ಎರಡು ಗಾಳಿ ಕಿಂಡಿ. ಒಳಗ ಬಿಸಿಗೆ ಬಲ್ಬಿನ ಬದಲಿ ರೇಡಿಯಂಟ್ ಪ್ಯಾನಲ್ (ಬಿಸಿ ಬೀರೋ ಹಲಗಿ). 70ರಿಂದ ಕದಲಂಗಿಲ್ಲ.

ಬೆಟಗೇರಿ_ಬಿಸಿಲು:
ಪೆಟ್ಟಿಗಿ ಬದಲಿಸೋದು ಆಮ್ಯಾಲಿನ ಮಾತು. ಮೀಟರ್‌ನ ಸೆನ್ಸರ್ ಜಾಲಿ ಹತ್ರ ಅಂಟಿಸಿದ್ರೂ 38 ಬರತೈತಿ. ಅದನ್ನ ಇನ್ನೂ ಯಾರೂ ಕೇಳಿಲ್ಲ.

ಸಾಧನಕೇರಿ_ಶಲ್ಕ:
ಫಾಯಿಲ್, ಚಿಪ್ಸ್ ಹಾಕಿದೆ. ತಂಪಿನ ಕಡೆ 62 ನಿಂತೈತಿ, ಬಲ್ಬಿನ ಕೆಳಗ 45. ಬಲ್ಬಿನ ಕಡೇನೂ 60 ಬೇಕಲ್ಲ? ಫಾಗರ್ ತರಲೇನು?

ವರದಾ_ತೀರ:
ಬ್ಯಾಡ. ಬಿಸಿ ಕಡೆ 45 ಇರೋದು ಸಹಜ. ತಂಪಿನ ಕಡೆ 60ರ ಮ್ಯಾಲಿದ್ರ ಸಾಕು, ಪೊರೆ ಬರೋ ಮುಂದ 70ಕ್ಕ ಏರಿಸ್ರಿ. ಫಾಗರ್‌ಗೆ ನಳದ ನೀರು ಹಾಕಿದ್ರ ಬಿಳಿ ಪುಡಿ ಕೂಡತೈತಿ. ಅದರ ತೊಟ್ಟಿ ದಿನಾ ತೊಳೀದಿದ್ರ ಹೊಲಸು ಮಂಜು ನೇರ ಹಾವಿನ ಶ್ವಾಸಕೋಶಕ್ಕ ಹೋಗತೈತಿ. ಅದರ ಬದಲಿ ಮುಚ್ಚಳ ಇರೋ ಡಬ್ಬಿಗೆ ಹಾವು ಒಳಗ ಹೋಗೋಷ್ಟ ತೂತ ಕೊರದು, ಒಳಗ ಹಿಂಡಿದ ಸ್ಫ್ಯಾಗ್ನಮ್ ಪಾಚಿ ತುಂಬಿ ನಡುವ ಇಡ್ರಿ.

ಬಾಲದ ಉಂಗುರ ಬಿಡಬ್ಯಾಡ್ರಿ, ರಕ್ತ ಕಟ್ಟಿ ತುದಿ ಸಾಯತೈತಿ. 28–30 ಡಿಗ್ರಿ ನೀರು ಹೊಟ್ಟಿ ಮುಟ್ಟೋಷ್ಟ, 20 ನಿಮಿಷ, ಎದುರಿಗೇ ನಿಂತು ಕಾಯ್ರಿ. ಆಮ್ಯಾಲೆ ಒದ್ದಿ ಟವೆಲ್ ಮ್ಯಾಲೆ ಹರಿದಾಡಲಿಕ್ಕೆ ಬಿಡ್ರಿ. ಕಣ್ಣಿನ ಮ್ಯಾಲೆ ಉಳದ ಪೊರೆ ಮಾತ್ರ ಚಿಮಟಿಯಿಂದ ಕೀಳಬ್ಯಾಡ್ರಿ, ಅದರ ಜೊತಿ ಕಣ್ಣಿಗೇ ಗಾಯ ಆಗತೈತಿ. ಮುಂದಿನ ಪೊರೆ ಜೊತಿ ಬರಲಿಲ್ಲಂದ್ರ ಸರೀಸೃಪ ನೋಡೋ ಪಶುವೈದ್ಯರಿಗೆ ತೋರಿಸ್ರಿ. ಬಾಯಿ ತಗದು ಉಸಿರಾಡಿದ್ರ, ಮೂಗು ಬಾಯಾಗ ಗುಳ್ಳಿ ಕಂಡ್ರ ಅಷ್ಟ ದಿನ ಕಾಯೋದು ಬ್ಯಾಡ.

ಜೂನ್‌ನ್ಯಾಗ ಧಾರವಾಡದ ಮಳಿ ಹಿಡದ ಕೂಡ್ಲೆ ಅರ್ಧ ಫಾಯಿಲ್ ತಗದು ನೀರು ಸುರಿಯೋದು ನಿಲ್ಲಿಸ್ರಿ.

ಬೆಟಗೇರಿ_ಬಿಸಿಲು:
ಆ 62 ಎಷ್ಟ ಎತ್ತರಕ್ಕ ಇಟ್ಟ ಸೆನ್ಸರ್‌ದು? ಹಾಸಿದ ಚಿಪ್ಸಿನ ಮೇಲ್ಮೈಯಿಂದ 5 ಸೆಂ.ಮೀ. ಎತ್ತರದೊಳಗ ಇದ್ರ ಮಾತ್ರ ಹಾವಿರೋ ಜಾಗದ ತೇವ ಗೊತ್ತಾಗತೈತಿ.