ಪದ ಬೇಕು: ಡ್ಯಾಶ್‌ಹಂಡ್ ನಾಯಿಯ ಮೂಳೆ ಸೊಟ್ಟವೋ, ಡೊಂಕೋ, ಬಾಗೋ?

ಗೆಳೆಯರೇ, ಒಂದು ಪದ ಅರ್ಜೆಂಟಾಗಿ ಬೇಕು. ಮೂಳೆಗಳ ಪ್ರದರ್ಶನವೊಂದಕ್ಕೆ ಫಲಕ ಅನುವಾದ ಮಾಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಮೂರು ನಾಯಿಗಳ ಮುಂಗಾಲಿನ ಮೂಳೆ ಅಕ್ಕಪಕ್ಕ ಇಟ್ಟಿದ್ದಾರೆ. ಮ್ಯಾಸ್ಟಿಫ್‌ನದು ಉದ್ದ, ದಪ್ಪ. ಚಿಹುವಾಹುವಾದ್ದು ಕಡ್ಡಿಯ ಹಾಗೆ, ನೆಟ್ಟಗೆ. ಡ್ಯಾಶ್‌ಹಂಡ್‌ನದು ಗಿಡ್ಡ, ಆದರೆ ಉದ್ದಕ್ಕೆ ಹೋಲಿಸಿದರೆ ದಪ್ಪ ಜಾಸ್ತಿ, ಮೇಲಾಗಿ ಬಿಲ್ಲಿನ ಹಾಗಿದೆ. 'ಸಣ್ಣ ತಳಿಗೆ ಸಣ್ಣ ಮೂಳೆ' ಅಂತ ಬರೆದರೆ ಪೂರಾ ತಪ್ಪಾಗುತ್ತದೆ. ಕರಡಿನಲ್ಲಿ 'ವಕ್ರಾಸ್ಥಿ' ಇದೆ, ನನಗೇ ಹಿಡಿಸಿಲ್ಲ. 'ಸೊಟ್ಟ ಮೂಳೆ' ನಡೆಯುತ್ತದಾ?

ಉತ್ತರ:
ಎರಡೂ ಬೇಡ. 'ಅಸ್ಥಿ' ಅಂದರೆ ನಮ್ಮ ಜನಕ್ಕೆ ನೆನಪಾಗುವುದು ಹೊಳೆಗೆ ಬಿಡುವುದು. ಬದುಕಿರುವ ನಾಯಿಗೆ ಅದನ್ನು ಹಚ್ಚಬೇಡಿ. 'ಮೂಳೆ'ಯನ್ನೂ ನಾನು ಒಪ್ಪುವುದಿಲ್ಲ. ತಮಿಳಿನ 'ಮೂಳೈ', ಮಲಯಾಳದ 'ಮೂಳ' ಎರಡೂ ಮಿದುಳು. ತೆಲುಗಿನ 'ಮೂಲುಗ' ಮಜ್ಜೆ. ಒಳಗಿನ ತಿರುಳಿನ ಹೆಸರು ನಮ್ಮಲ್ಲಿ ಹೊರಗಿನ ಗಟ್ಟಿ ಭಾಗಕ್ಕೆ ಅಂಟಿಕೊಂಡಿದೆ, ಅಷ್ಟೇ. ನಿಜವಾದ ಪದ 'ಎಲುಬು'. ತಮಿಳಿನಲ್ಲೂ 'ಎಲುಂಬು'. 'ಡೊಂಕೆಲುಬು' ಅಂತ ಬರೆಯಿರಿ, ಮುಗೀತು.

ಇನ್ನೊಂದು ಉತ್ತರ:
ಮುಗಿದಿಲ್ಲ. 'ಮೂಳೆ ಮುರಿಯಿತು' ಅಂದರೆ ಮಗುವಿಗೂ ಗೊತ್ತಾಗುತ್ತದೆ. ಯಾವುದೋ ಕಾಲದ ಅರ್ಥ ಹಿಡಿದುಕೊಂಡು ಇವತ್ತಿನ ಮಾತನ್ನು ಓಡಿಸಬೇಡಿ.

ಈಗ ವಿಷಯಕ್ಕೆ ಬರೋಣ. 'ಸೊಟ್ಟ' ಅಂದರೆ ನೆಟ್ಟಗಿರಬೇಕಾದದ್ದು ಕೆಟ್ಟಿದೆ ಅಂತ. 'ಡೊಂಕು' ಬಾಲಕ್ಕೆ ಸರಿ, ಅಲ್ಲಿ ಸುರುಳಿ ಇದೆ. ಈ ಮೂಳೆ ಹಾಗಿಲ್ಲ. ಮುಂಗಾಲಿನಲ್ಲಿ ಎರಡು ಮೂಳೆ ಜೋಡಿಯಾಗಿ ಬೆಳೆಯುತ್ತವೆ. ಉದ್ದವಾಗುವುದು ತುದಿಯ ಮೆಲ್ಲೆಲುಬಿನಿಂದ (ಕಾರ್ಟಿಲೇಜ್). ಡ್ಯಾಶ್‌ಹಂಡ್‌ನಲ್ಲಿ ಅದು ಬೇಗ ಗಟ್ಟಿಯಾಗುತ್ತದೆ. ಬೆಳವಣಿಗೆಗೆ ಸಂಬಂಧಿಸಿದ ಎಫ್‌ಜಿಎಫ್4 ಜೀನ್‌ನ ಒಂದು ಹೆಚ್ಚುವರಿ ಪ್ರತಿ ಇದಕ್ಕೆ ಕಾರಣ ಅಂತ 2009ರಲ್ಲಿ ಪತ್ತೆಯಾಯಿತು. ಜೋಡಿಯಲ್ಲಿ ಒಂದು ಮೊದಲು ನಿಂತು ಇನ್ನೊಂದು ಬೆಳೆಯುತ್ತಲೇ ಹೋದರೆ, ಹಗ್ಗ ಬಿಗಿದ ಬಿದಿರಿನ ಹಾಗೆ ಬಾಗುತ್ತದೆ. ಹಾಗಾಗಿ 'ಬಾಗುಮೂಳೆ'.

ಇನ್ನೊಂದು ಮಾತು. ಫಲಕದಲ್ಲಿ 'ದೊಡ್ಡ ತಳಿಗೆ ದಪ್ಪ ಮೂಳೆ' ಅಂತ ಸಾರಾಸಗಟಾಗಿ ಬರೆಯಬೇಡಿ. ಗ್ರೇಹೌಂಡ್ ಎತ್ತರದ ನಾಯಿ, ಆದರೂ ಕಾಲು ನೀಳ. ಮ್ಯಾಸ್ಟಿಫ್‌ದು ತೂಕದ ಲೆಕ್ಕ. ಮೈ ಎಲ್ಲ ಕಡೆಗೂ ಎರಡು ಪಟ್ಟಾದರೆ ತೂಕ ಎಂಟು ಪಟ್ಟು, ಮೂಳೆಯನ್ನು ಅಡ್ಡ ಕೊಯ್ದರೆ ಕಾಣುವ ವಿಸ್ತೀರ್ಣ ನಾಲ್ಕೇ ಪಟ್ಟು. ಹಾಗಾಗಿ ಆ ಭಾರ ಹೊರಲು ಮೂಳೆ ಇನ್ನೂ ದಪ್ಪಗಿರಬೇಕು. ಗೆಲಿಲಿಯೊ 1638ರಲ್ಲೇ ಇದನ್ನು ಬರೆದಿದ್ದ.

ಮೊದಲ ಉತ್ತರದವರು:
'ಜೀನ್', 'ಎಫ್‌ಜಿಎಫ್' ಎಲ್ಲ ಸಲೀಸಾಗಿ ಒಳಗೆ ಬರುತ್ತವೆ, 'ಎಲುಬು' ಮಾತ್ರ ಹೊರಗಾ? ನಿಮ್ಮ 'ಮೆಲ್ಲೆಲುಬು' ಒಳಗೂ ಅದೇ ಇದೆಯಲ್ಲ. ಎರವಲಿಗೆ ಒಂದು ಮಿತಿ ಬೇಕು.

ಕೇಳಿದವರು:
'ಬಾಗುಮೂಳೆ' ಹಾಕುತ್ತೇನೆ. 'ಎಲುಬು' ಶೀರ್ಷಿಕೆಯಲ್ಲಿ ಇರಲಿ. ಕೊನೆಯದೊಂದು: ಚಿಹುವಾಹುವಾದ್ದು 'ತೆಳು'ವೋ 'ಸಪೂರ'ವೋ? ಸೋಫಾದಿಂದ ಹಾರಿದರೂ ಮಣಿಕಟ್ಟಿನ ಹತ್ತಿರ ಮುರಿಯಬಹುದು ಅನ್ನುವ ಸಾಲು ಅಲ್ಲೇ ಬರುತ್ತದೆ.

ಉತ್ತರ:
ಸಪೂರ. ತೆಳು ಅನ್ನುವುದು ಹಾಳೆಗೆ, ದೋಸೆಗೆ.